ಕಲಿಕೆಯಲ್ಲಿ ಆಟದ ಸ್ಥಾನ

(ಶತಮಾನೋತ್ಸವದ ಅಂಗವಾಗಿ ಜರುಗಿದ ತಂದೆತಾಯಿಗಳ ಸಭೆಯಲ್ಲಿ ಮಾಡಿದ ಭಾಷಣ)



ನಾವು ಮತ್ತೊಂದು ಧರ್ಮಕೇಂದ್ರದಲ್ಲಿ ಸಹಾಯಕ ಗುರುಗಳಾಗಿದ್ದಾಗ ನಡೆದ ಸಂಗತಿಯಿದು. ಆಟಿ ತಿಂಗಳ ಜಡಿಮಳೆ. ಶಾಲೆಯ ಜಗಲಿಯಲ್ಲಿ ಬಾಲಕಿಯರಿಬ್ಬರು ಚೆನ್ನೆಮಣೆ ಆಡುತ್ತಿದ್ದರು. ಕಾಲಹರಣವೆಂದು ಗದರಿಸಿ ಮಣೆಯನ್ನು ಕಸಿದುಕೊಂಡೆವು. ಅವರಲ್ಲೊಬ್ಬಳು ಗಣಿತದಲ್ಲಿ ಸತತವಾಗಿ ಅನುತ್ತೀರ್ಣಳಾಗುತ್ತಿದ್ದವಳು. ವರ್ಷ ತುಂಬುವ ಮೊದಲೇ ಶಾಲೆ ಬಿಟ್ಟು ಬೀಡಿ ಕಟ್ಟಲು ಕುಳಿತಳು. ಯಾವ ಗುಳಿಯಿಂದ ಎತ್ತಿದರೆ ಕೊನೆಯ ಕಾಳು ಎಲ್ಲಿ ಬೀಳುವುದೆಂದು ನೋಡಿದೊಡನೆ ಹೇಳಬಲ್ಲವಳಿಗೆ ಲೆಕ್ಕ ಬಾರದೆಂದು ನಾವೆಲ್ಲರೂ ತೀರ್ಪು ಕೊಟ್ಟಿದ್ದೆವು! ಇದು ನಮಗೆ ಹೊಳೆದದ್ದು ಬಹುಕಾಲದ ಮೇಲೆ.

ಆ ಮಣೆಯನ್ನೊಮ್ಮೆ ನೋಡಿರಿ. ಸಾಲಿಗೆ 7ರಂತೆ ಎರಡು ಸಾಲು, 14 ಗುಳಿಗಳು. ಗುಳಿಗೆ 4ರಂತೆ ಮಂಜೊಟ್ಟಿ ಕಾಳುಗಳನ್ನಿಟ್ಟರೆ 56. ನಾಲ್ಕರ ಮಗ್ಗಿ ಇಲ್ಲಿ ಬೆರಳಿಗೇ ಸಿಗುತ್ತದೆ. ಹಂಚುವಾಗ ಎಣಿಕೆ, ಗಳಿಸಿದಾಗ ಕೂಡುವಿಕೆ, ಎಷ್ಟು ಹೆಚ್ಚು ಗೆದ್ದೆನೆಂದು ನೋಡುವಾಗ ಕಳೆಯುವಿಕೆ. ಎಲ್ಲಕ್ಕಿಂತ ಮಿಗಿಲಾಗಿ, ಕೈಯಿಡುವ ಮೊದಲು ಯೋಚಿಸುವ ಅಭ್ಯಾಸ.

ಜರ್ಮನಿಯ ಫ್ರೋಬೆಲರು 1837ರಲ್ಲಿ ಚಿಕ್ಕ ಮಕ್ಕಳಿಗಾಗಿ ಶಾಲೆ ತೆರೆದು ಚೆಂಡುಗಳನ್ನೂ ಮರದ ಘನಗಳನ್ನೂ ಅವರ ಕೈಗಿತ್ತರು. 1840ರಲ್ಲಿ ಅದಕ್ಕೆ ಕಿಂಡರ್‌ಗಾರ್ಟನ್, ಎಂದರೆ ಮಕ್ಕಳ ತೋಟ, ಎಂದು ಹೆಸರಿಟ್ಟರು. ನಾವು ಹೆಸರನ್ನುಳಿಸಿಕೊಂಡು ತೋಟವನ್ನು ಮರೆತೆವು. ಇಂದು ಎಲ್‌ಕೆಜಿ ಮಗುವಿಗೂ ಹೋಮ್‌ವರ್ಕಿನ ಹೊರೆ!

ಆದರೆ ಆಡಿದ್ದೆಲ್ಲವೂ ಪಾಠವಾಗದು. ಈ ಆಟದಿಂದ ಮಗು ಏನನ್ನು ಕಲಿಯಬೇಕೆಂಬುದನ್ನು ಶಿಕ್ಷಕರು ಮೊದಲೇ ನಿಶ್ಚಯಿಸಿಕೊಳ್ಳಬೇಕು. ಆಟ ಮುಗಿದ ಮೇಲೆ, "ಆ ಗುಳಿಯನ್ನೇ ಏಕೆ ಎತ್ತಿದೆ ಮಗೂ?" ಎಂದು ಕೇಳಬೇಕು, ಆ ಉತ್ತರದಲ್ಲಿಯೇ ಪಾಠವಿದೆ. ಬಳಿಕ ಅದೇ ಲೆಕ್ಕವನ್ನು ಸ್ಲೇಟಿನಲ್ಲಿ ಬರೆಯಿಸಬೇಕು. ಗೆದ್ದವರನ್ನಷ್ಟೇ ಹೊಗಳಿ ಸೋತವರನ್ನು ಮೂಲೆಗೆ ತಳ್ಳಿದರೆ ಆಟವೂ ಮತ್ತೊಂದು ಪರೀಕ್ಷೆಯಾದೀತು. ಮೊಬೈಲಿನಲ್ಲಿಯೂ ಕಲಿಕೆಯ ಆಟಗಳಿವೆ. ಅವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಮಗುವನ್ನು ಅದರೊಡನೆ ಒಂಟಿಯಾಗಿ ಬಿಡದೆ, ಪಕ್ಕದಲ್ಲಿ ಕುಳಿತು ಕೇಳುವ ಹಿರಿಯರು ಬೇಕು.

ಆದುದರಿಂದ ನಿಮ್ಮಲ್ಲಿ ನಮ್ಮದೊಂದು ವಿನಂತಿ. ನಿಮ್ಮ ಮನೆಯ ಅಟ್ಟದಲ್ಲಿ ಹಳೆಯ ಚೆನ್ನೆಮಣೆಯಿದ್ದರೆ ಕೆಳಗಿಳಿಸಿರಿ. ಶಾಲೆಗೆ ಕೊಡಿರಿ, ಇಲ್ಲವೇ ಸಂಜೆ ಜಪಸರದ ಬಳಿಕ ಮಕ್ಕಳೊಡನೆ ಆಡಿರಿ. ಅಜ್ಜಿಯಂದಿರು ಕಲಿಸಲಿ. ಅಂದು ಕಸಿದ ಮಣೆಯನ್ನು ಆ ಬಾಲಕಿಗೆ ಹಿಂದಿರುಗಿಸಲು ನಮ್ಮಿಂದಾಗಲಿಲ್ಲ. ಅಂತಹ ಇನ್ನೊಂದು ಮಗು ಈ ಧರ್ಮಕೇಂದ್ರದಲ್ಲಿ ದಡ್ಡನೆಂಬ ಹೆಸರು ಹೊತ್ತು ಶಾಲೆ ಬಿಡದಿರಲಿ.

ದೇವರು ನಿಮ್ಮನ್ನೂ ನಿಮ್ಮ ಮಕ್ಕಳನ್ನೂ ಆಶೀರ್ವದಿಸಲಿ.