ಗಂಟಲೂ ದುಡಿಯುತ್ತದೆ
(ಸಂಘದ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣ)



ಕಾದ ಎಣ್ಣೆ ಸಿಡಿದು ಕೈ ಸುಟ್ಟರೆ ನಾವು ಯಜಮಾನರಿಗೆ ತೋರಿಸಿ ರಜೆ ಕೇಳುತ್ತೇವೆ. ಗಂಟಲು ಕಟ್ಟಿದರೆ ಕೇಳುವುದಿಲ್ಲ, ಕೇಳಿದರೆ ನಗುತ್ತಾರೆ. ಆ ಗಂಟಲಿನ ಪರವಾಗಿ ಇಂದು ಎರಡು ಮಾತು ಹೇಳುತ್ತೇನೆ.

ಆರು ವರ್ಷ ನಾನು ಮಾಣಿಯಾಗಿದ್ದೆ. “ಎರಡು ಇಡ್ಲಿ, ಒಂದು ಮಸಾಲೆ” ಎಂದು ಬೆಳಗಿನಿಂದ ರಾತ್ರಿಯವರೆಗೆ ಅಡಿಗೆಮನೆಗೆ ಕೂಗುತ್ತಿದ್ದೆ. ಸಂಘದ ಕೆಲಸಕ್ಕೆ ಬಂದ ಮೇಲೆ ಬಸ್ಸು ಲಾರಿಗಳ ಸದ್ದಿನ ನಡುವೆ ನಿಂತು ಕೂಗಿದೆ. ಒಮ್ಮೆ ಸಂಬಳದ ಮಾತುಕತೆಯ ದಿನವೇ ಸ್ವರ ಹೊರಡಲಿಲ್ಲ. ಹನ್ನೆರಡು ಮಂದಿಯ ಬಾಕಿ ಲೆಕ್ಕ ನನ್ನ ಜೇಬಿನಲ್ಲಿತ್ತು. ಎದುರಿನವರ ಪ್ರಶ್ನೆಗೆ ಉತ್ತರ ಗೊತ್ತಿದ್ದರೂ ಬಾಯಿ ಬಾರದೆ ಕುಳಿತೆ. ಮಾತುಕತೆ ಮುಂದಕ್ಕೆ ಹೋಯಿತು. ಆ ತಿಂಗಳೂ ಯಾರಿಗೂ ಬಾಕಿ ಬರಲಿಲ್ಲ.

ಆಮೇಲೆ ಆಸ್ಪತ್ರೆಗೆ ಹೋದೆ. ವೈದ್ಯರು ತಿಳಿಸಿದ್ದು ಇದು: ಗಂಟಲಿನ ಎರಡು ಸ್ವರತಂತುಗಳು, ಮಾತನಾಡುವಾಗ ಗಂಡಸರಲ್ಲಿ ಸೆಕೆಂಡಿಗೆ ಸುಮಾರು 100 ಸಲ, ಹೆಂಗಸರಲ್ಲಿ ಸುಮಾರು 200 ಸಲ ಒಂದಕ್ಕೊಂದು ತಾಗುತ್ತವೆ. ಕೂಗಿದಷ್ಟೂ ಪೆಟ್ಟು ಹೆಚ್ಚು. ರುಬ್ಬುವವನ ಅಂಗೈ ಜಡ್ಡುಗಟ್ಟುವಂತೆ ಅಲ್ಲಿಯೂ ಸಣ್ಣ ಗಂಟು ಏಳುತ್ತದೆ. ಅಂಥ ಗಂಟು ಬಹುಮಟ್ಟಿಗೆ ಶಸ್ತ್ರಕ್ರಿಯೆಯಿಲ್ಲದೆ, ಸ್ವರದ ಅಭ್ಯಾಸದಿಂದಲೇ ಇಳಿಯುತ್ತದೆ. ಹೊಟ್ಟೆಯಿಂದ ಉಸಿರೆಳೆದು, ಗಂಟಲನ್ನು ಬಿಗಿಯದೆ, ಚಿಕ್ಕ ಚಿಕ್ಕ ವಾಕ್ಯ ಆಡುವುದನ್ನು ನನಗೆ ವಾರಗಟ್ಟಲೆ ಕಲಿಸಿದರು.

ನೀವೂ ಇಷ್ಟು ಮಾಡಿ. ಆಗಾಗ ನೀರು ಕುಡಿಯಿರಿ. ಕೆಮ್ಮಿ ಗಂಟಲು ಸರಿಮಾಡಿಕೊಳ್ಳುವ ಬದಲು ಒಂದು ಗುಟುಕು ನೀರು ನುಂಗಿರಿ. ಸ್ವರ ಕಟ್ಟಿದಾಗ ಪಿಸುಗುಟ್ಟುವುದು ವಿಶ್ರಾಂತಿಯಲ್ಲ, ಮೌನವೇ ಲೇಸು. ನಡುರಾತ್ರಿ ಉಂಡು ಕೂಡಲೇ ಮಲಗಿದರೆ ಹುಳಿ ಮೇಲೇರಿ ಗಂಟಲನ್ನು ಸುಡುತ್ತದೆ. ಆದರೆ ಹೋಟೆಲು ಮುಚ್ಚುವುದೇ ನಡುರಾತ್ರಿಗಾದರೆ ನಾವು ಉಣ್ಣುವುದು ಯಾವಾಗ? ಆದ್ದರಿಂದ ಇದು ಕೆಲಸದ ವೇಳೆಯ ಪ್ರಶ್ನೆಯೂ ಹೌದು.

ಬೀಡಿ, ತಂಬಾಕಿನವರು ವಿಶೇಷವಾಗಿ ಕೇಳಬೇಕು. ನಾಲ್ಕು ವಾರವಾದರೂ ಸ್ವರ ತಿಳಿಯಾಗದಿದ್ದರೆ ಗಂಟಲು ತೋರಿಸಲೇಬೇಕು. ನೀವು ಅಷ್ಟು ದಿನವೂ ಕಾಯಬೇಡಿ. ಅದು ಕ್ಯಾನ್ಸರಿನ ಮೊದಲ ಗುರುತೂ ಆಗಿರಬಹುದು. ಬೇಗ ಕಂಡುಹಿಡಿದರೆ ಗುಣವಾಗುವ ಸಂಭವ ಹೆಚ್ಚು. ಇಲ್ಲಿ ಬಾಂದ್ರಾದಲ್ಲಿ 1983ರಲ್ಲಿ ಸ್ಥಾಪನೆಯಾದ ಅಲಿ ಯಾವರ್ ಜಂಗ್ ರಾಷ್ಟ್ರೀಯ ಸಂಸ್ಥೆ ಇದೆ. ಊರಿಗೆ ಹೋದವರಿಗೆ ಮೈಸೂರಿನಲ್ಲಿ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ.

ಸಂಘದ ಮುಂದೆ ನನ್ನ ಬೇಡಿಕೆ ಮೂರು. ಕೂಗುವ ಬದಲು ಚೀಟಿಯಲ್ಲಿ ಆರ್ಡರು ಕೊಡುವ ಪದ್ಧತಿಗಾಗಿ ಯಜಮಾನರನ್ನು ಕೇಳೋಣ. ಬೀದಿ ಸಭೆಗೆ ಒಂದು ಸಣ್ಣ ಮೈಕು ಕೊಳ್ಳೋಣ. ಸ್ವರ ಕೆಟ್ಟ ಸದಸ್ಯನ ಜೊತೆ ಆಸ್ಪತ್ರೆಗೆ ಒಬ್ಬರು ಹೋಗೋಣ. ಸ್ವರವಿಲ್ಲದವನು ಅಲ್ಲಿ ತನ್ನ ಕಷ್ಟ ಹೇಳಿಕೊಳ್ಳುವುದು ಹೇಗೆ?