ಪೆಟ್ಟಿಗೆಯೊಳಗಿನ ಸೀರೆ

(ಹೊಲಿಗೆ ವರ್ಗದ ಮುಕ್ತಾಯ ಸಮಾರಂಭದಲ್ಲಿ ಒಬ್ಬ ಶಿಕ್ಷಕಿಯರು ಮಾಡಿದ ಭಾಷಣ)



ಹೊಲಿಗೆಯ ವರ್ಗವನ್ನು ಮುಗಿಸಿದ ಈ ತರುಣಿಯರಿಗೆ ಎರಡು ಮಾತು ಹೇಳಬೇಕೆಂದು ನನಗೆ ಅಪ್ಪಣೆಯಾಗಿದೆ. ನಾನು ಈ ವಿದ್ಯೆಯಲ್ಲಿ ಪಂಡಿತೆಯಲ್ಲ. ಮನೆಯ ಹರಿದ ಬಟ್ಟೆಗಳೇ ನನಗೆ ಗುರುಗಳು. ಆದುದರಿಂದ ಒಂದು ಸೀರೆಯ ಸಂಗತಿಯನ್ನು ಹೇಳಿ, ಅದರಿಂದ ಕಲಿತುದನ್ನು ನಿಮ್ಮ ಮುಂದಿಡುವೆನು.

ಕಳೆದ ಚೈತ್ರದಲ್ಲಿ ನಮ್ಮ ಓಣಿಗೆ ಹಳೆಯ ಬಟ್ಟೆಗೆ ಪಾತ್ರೆ ಕೊಡುವವಳು ಬಂದಳು. ನಮ್ಮ ಅತ್ತೆಯವರು ಉಟ್ಟು ಬಿಟ್ಟುಹೋದ ಒಂಬತ್ತು ಗಜದ ಇಳಕಲ್ಲ ಸೀರೆಗೆ ಅವಳು ಕಟ್ಟಿದ ಬೆಲೆ ಒಂದು ಸ್ಟೀಲಿನ ಡಬ್ಬಿ! ಕೊಡಲು ಮನಸ್ಸಾಗಲಿಲ್ಲ, ಉಡುವವರೂ ಮನೆಯಲ್ಲಿರಲಿಲ್ಲ. ಆಗ ಕಾಲೇಜಿಗೆ ಹೋಗುವ ಮಗಳು, “ಅವ್ವಾ, ಇದರಾಗ ನನಗೊಂದು ಕುರ್ತಾ ಹೊಲಿದುಕೊಡು” ಎಂದಳು. ನನ್ನ ಎದೆ ಝಲ್ಲೆಂದಿತು. ಹಿರಿಯರ ಸೀರೆಗೆ ಕತ್ತರಿಯೇ? ಎರಡು ದಿನ ಸುಮ್ಮನಿದ್ದು, ಮೂರನೆಯ ದಿನ ಸೀರೆಯನ್ನು ಬೆಳಕಿಗೆ ಹಿಡಿದು ನೋಡಿದೆನು. ಮಡಿಕೆಯ ಗೆರೆಗಳಲ್ಲಿ ಎಳೆಗಳು ತಾವಾಗಿಯೇ ಸೀಳತೊಡಗಿದ್ದವು. ಪೆಟ್ಟಿಗೆಯಲ್ಲಿಟ್ಟು ಕಾಪಾಡುತ್ತಿರುವೆನೆಂದು ತಿಳಿದಿದ್ದೆನು. ಅದು ಪೆಟ್ಟಿಗೆಯಲ್ಲಿಯೇ ಸಾಯುತ್ತಲಿತ್ತು.

ಭಗಿನಿಯರೇ, ಕತ್ತರಿಯನ್ನು ಹಿಡಿಯುವ ಮೊದಲು ಕಣ್ಣನ್ನು ಬಳಸಿರಿ. ಜೀರ್ಣವಾದ ಭಾಗವನ್ನು ಸಾಬೂನಿನ ಚೂರಿನಿಂದ ಗುರುತಿಸಿ ಬಿಟ್ಟುಬಿಡಿರಿ. ಒದ್ದೆಯಾದ ಬಿಳಿ ಅರಿವೆಯಿಂದ ಒಂದು ಮೂಲೆಯನ್ನು ಒರೆಸಿ, ಬಣ್ಣ ಬಿಡುವುದೋ ಎಂದು ಪರೀಕ್ಷಿಸಿರಿ. ಮೈಗೆ ಸರಿಹೋಗುವ ಬಟ್ಟೆಯೊಂದನ್ನು ಹಳೆಯ ವೃತ್ತಪತ್ರಿಕೆಯ ಮೇಲಿಟ್ಟು ಅಳತೆ ತೆಗೆದು, ಮೊದಲು ಕಾಗದವನ್ನು ಕತ್ತರಿಸಿರಿ; ಕಾಗದದಲ್ಲಿ ತಪ್ಪಿದರೆ ನಷ್ಟವಿಲ್ಲ. ಇಳಕಲ್ಲ ಸೀರೆಯಲ್ಲಿ ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಕೊಂಡಿ ಹಾಕಿ ಕೂಡಿಸಿರುತ್ತಾರೆ. ಆ ಕೂಡಿಕೆಗೆ ತಗಲುವಂತೆ ಕತ್ತರಿಸಬಾರದು. ನಾನು ಕೆಂಪು ಸೆರಗನ್ನು ಒಡಲಿನ ಒಂದಿಷ್ಟು ಭಾಗದೊಡನೆ ಇಡಿಯಾಗಿ ಉಳಿಸಿ ದುಪಟ್ಟಾ ಮಾಡಿದೆನು. ಗಟ್ಟಿಯಾದ ಒಡಲಿನಿಂದ ಕುರ್ತಾ ಆಯಿತು. ಅಂಚು ತೋಳಿಗೆ ಬಂದಿತು. ಯಜಮಾನರ ಹಳೆಯ ಧೋತರ ಒಳಗಿನ ಅಸ್ತರಾಯಿತು. ತಮ್ಮನ ಮಗಳಿಗೊಂದು ಪರಕರವೂ ದೊರೆಯಿತು. ಉಳಿದ ಚೂರುಗಳು ಕೌದಿಗೆ ಸೇರಿದವು.

ಹಳೆಯದನ್ನು ಹೊಲಿದು ತೊಡುವುದು ಬಡತನದ ಗುರುತೆಂದು ಕೆಲವರು ಮೂಗು ಮುರಿಯುವರು. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1941ನೆಯ ಜೂನ್ 1ರಂದು, ಬ್ರಿಟನ್ನಿನಲ್ಲಿ ಬಟ್ಟೆಗೂ ರೇಷನ್ ಬಂದಿತು. 1949ರ ವರೆಗೂ ಅದು ಇದ್ದಿತು. 1943ರಲ್ಲಿ ಅಲ್ಲಿಯ ಸರಕಾರವೇ ಹಳೆಯ ಬಟ್ಟೆಗಳನ್ನು ದುರಸ್ತಿ ಮಾಡಿ ಹೊಸದಾಗಿಸುವ ವಿಧಾನವನ್ನು ಪುಸ್ತಿಕೆಯಾಗಿ ಪ್ರಕಟಿಸಿತು. ದಂಡಿಗೆ ಹೋದ ಗಂಡಸರ ಸೂಟುಗಳನ್ನು ಹೆಂಗಸರು ತಮ್ಮ ಮೈಗೆ ಹೊಂದುವಂತೆ ಹೊಲಿದುಕೊಂಡರು. ಅಷ್ಟು ದೂರವೇಕೆ? ನಮ್ಮ ಯಲ್ಲಾಪುರ, ಹಳಿಯಾಳ, ಮುಂಡಗೋಡಗಳ ಸೀಮೆಯಲ್ಲಿ ಸಿದ್ದಿ ಹೆಂಗಸರು ಹಳೆಯ ಬಟ್ಟೆಯ ತುಂಡುಗಳನ್ನು ಅಂಚಿನಿಂದ ನಡುವಿಗೆ ಹೊಲಿಯುತ್ತ ಬಂದು ಮಾಡುವ ಕೌದಿಗಳು ಇಂದು ಕಲಾಪ್ರದರ್ಶನಗಳಲ್ಲಿ ತೂಗಾಡುತ್ತಿವೆ. ಚಿಂದಿಯನ್ನು ಕಲೆಯಾಗಿಸಿದವರು ನಾಚಬೇಕೇ?

ಇನ್ನೊಂದು ಆಕ್ಷೇಪಣೆ ಮಾತ್ರ ನನ್ನನ್ನು ಬಹಳ ಯೋಚನೆಗೆ ಹಚ್ಚಿತು. ಹಳೆಯದನ್ನೇ ತಿರುಗಿಸಿ ತೊಟ್ಟರೆ ನೇಕಾರನ ಹೊಟ್ಟೆಯ ಮೇಲೆ ಹೊಡೆದಂತಾಗದೇ? ಇದಕ್ಕೆ ಉತ್ತರ ಕೊಟ್ಟವಳು ನನ್ನ ಮಗಳು. ಆ ಕುರ್ತಾ ತೊಟ್ಟುಹೋದ ದಿನ ಗೆಳತಿಯರು ಅಂಚಿನ ಹೆಸರನ್ನು ಕೇಳಿದರಂತೆ. ಹೇಳಲು ಅವಳಿಗೆ ಬರಲಿಲ್ಲ. ಮನೆಗೆ ಬಂದು ಗೋಮಿ ಯಾವುದು, ಚಿಕ್ಕಿಪರಾಸ ಯಾವುದು ಎಂದು ಕೇಳಿ ತಿಳಿದುಕೊಂಡಳು. ದೀಪಾವಳಿಗೆ ತಾನೇ ಹಟಮಾಡಿ ಇಳಕಲ್ಲ ಸೀರೆಯೊಂದನ್ನು ಕೊಂಡು ಉಟ್ಟಳು. ಪೆಟ್ಟಿಗೆಯಲ್ಲಿದ್ದಷ್ಟು ಕಾಲ ಆ ಸೀರೆ ಅವಳಿಗೆ ಏನನ್ನೂ ಕಲಿಸಿರಲಿಲ್ಲ. ಮೈಮೇಲೆ ಬಂದ ಬಟ್ಟೆಯೇ ನೇಕಾರನಿಗೆ ಹೊಸ ಗಿರಾಕಿಯನ್ನು ತಂದುಕೊಟ್ಟಿತು.

ಆದರೂ ಒಂದು ಎಚ್ಚರಿಕೆ. ಉಡಲು ಬರುವ ಗಟ್ಟಿ ಸೀರೆಯನ್ನು ಹೊಸ ರೂಢಿಯ ಹುಚ್ಚಿಗಾಗಿ ಕತ್ತರಿಸಬೇಡಿರಿ. ಅದನ್ನು ಉಟ್ಟೇ ಮೆರೆಯಿರಿ. ಉಪಾಧ್ಯಾಯ ಬಂಧುಗಳಲ್ಲಿಯೂ ಒಂದು ವಿನಂತಿ: ಸೂಜಿ ಹಿಡಿಯುವುದನ್ನು ಹುಡುಗರಿಗೂ ಕಲಿಸಿರಿ. ಕಳಚಿದ ಗುಂಡಿಯನ್ನು ಹಚ್ಚಿಕೊಳ್ಳಲಾರದವನ ಶಿಕ್ಷಣ ಅಪೂರ್ಣವೇ ಸರಿ.

ಇಂದು ಮನೆಗೆ ಹೋದೊಡನೆ ನಿಮ್ಮ ಪೆಟ್ಟಿಗೆಗಳನ್ನು ತೆರೆದು, ಒಂದೊಂದು ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿರಿ. ಇಷ್ಟೇ ನನ್ನ ಬಿನ್ನಹ.