ಹದಿನೈದು ಮೆಟ್ಟಿಲು, ಹದಿನಾರು ಎತ್ತರ

ನಾನು ಪುಣೆಯಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವವನು, ಮೂಲ ಧಾರವಾಡ. ಎಂಟೆಕ್ ಓದಿದ್ದೇನೆ ಅನ್ನೋದನ್ನ ಮೊದಲೇ ಹೇಳಿಬಿಡ್ತೀನಿ. ಯಾಕಂದ್ರೆ ಮುಂದೆ ಬರೋ ತಪ್ಪು ಪ್ರಾಥಮಿಕ ಶಾಲೆಯ ಕೂಡು-ಕಳೆಯೋ ಲೆಕ್ಕದ್ದು.

ನಮ್ಮದು ಹಳೇ ರೋ ಹೌಸ್. ಅವ್ವನ ಕೋಣೆ ಕೆಳಗೆ, ದೇವರ ಕೋಣೆ ಮೇಲೆ. ಹಂಗಾಗಿ ಅವ್ವ ದಿನಕ್ಕೆ ನಾಲ್ಕೈದು ಸಲ ಹತ್ತಿ ಇಳೀತಾಳೆ, ಕೈಯಲ್ಲಿ ನೈವೇದ್ಯದ ತಾಟು ಇರ್ತದೆ, ಕಾಲು ಕಾಣಿಸೋದಿಲ್ಲ. ಮೆಟ್ಟಿಲಿಗೆ ಹಾಸಿದ್ದು ಶಹಾಬಾದಿ ಫರ್ಸಿ. ಕಲಬುರ್ಗಿ ಕಡೆಯ ಕಲ್ಲು, ನಮ್ಮಂಗೇ ಪುಣೆಗೆ ಬಂದು ನೆಲೆಸಿದ್ದು. ಅಂಚು ಸವೆದು ದುಂಡಗಾಗಿದ್ವು. ಅದರ ಮೇಲೆ ಲ್ಯಾಮಿನೇಟ್ ಹಲಗೆ ಹಾಕೋಣ ಅಂತ ನಾನೇ ಹಟ ಹಿಡಿದೆ. ಶನಿವಾರ, ಭಾನುವಾರ ನಾನೂ ಒಬ್ಬ ಬಡಗಿಯೂ ಸೇರಿ ಮಾಡೋದು ಅಂತ ಆಯ್ತು.

ಕೋಣೆಯ ನೆಲಕ್ಕೆ ಹಾಕೋ ಲ್ಯಾಮಿನೇಟ್ ತೇಲ್ತಿರ್ತದೆ ನೋಡ್ರಿ. ಕೆಳಗೆ ತೆಳು ಫೋಮ್, ಹಲಗೆಗಳು ಒಂದಕ್ಕೊಂದು ಲಾಕ್, ಗೋಡೆ ಪಕ್ಕ 8-10 ಮಿಮೀ ಸಂದು. ಒಳಗಿರೋದು ಒತ್ತಿದ ಮರದ ನಾರು, ಹವೆಯ ತೇವಕ್ಕೆ ಹಿಗ್ಗಿ ಕುಗ್ತದೆ. ಮೆಟ್ಟಿಲಿಗೆ ಈ ಪದ್ಧತಿ ನಡಿಯೋದಿಲ್ಲ. ಅಲ್ಲಿ ತೂಕವೆಲ್ಲ ಮುಂದಿನ ಅಂಚಿನ ಮೇಲೆ ಬೀಳ್ತದೆ. ಫೋಮ್ ಇದ್ರೆ ಹಲಗೆ ಕುಣಿದು ಅಂಚಿನ ಪಟ್ಟಿ ಸಡಿಲಾಗ್ತದೆ. ಆದ್ದರಿಂದ ಫೋಮ್ ಇಲ್ಲದೆ ಪೂರ್ತಿ ಅಂಟು ಹಚ್ಚಿ ಕೂಡಿಸಬೇಕು. ಅಂಚಿಗೆ ಗೆರೆ ಇರೋ ಅಲ್ಯೂಮಿನಿಯಂ ನೋಸಿಂಗ್ ಬೇಕೇ ಬೇಕು, ಇಲ್ಲಾಂದ್ರೆ ಸಾಕ್ಸ್ ಹಾಕ್ಕೊಂಡ ಕಾಲು ಜಾರೋದು ಖಾತ್ರಿ. ಇಷ್ಟೆಲ್ಲಾ ಓದಿಕೊಂಡಿದ್ದೆ. ಒಂದೇ ಮೆಟ್ಟಿಲು ಅಳೆದು 15 ತುಂಡು ಕತ್ತರಿಸಿಟ್ಟಿದ್ದೂ ನಾನೇ. ಹಳೇ ಮನೆಯ ಗೋಡೆ ನೆಟ್ಟಗಿರೋದಿಲ್ಲ. ನಾಲ್ಕು ತುಂಡು ವೇಸ್ಟ್ ಆದ ಮೇಲೆ ಬಡಗಿ ಮಾತಾಡದೆ ರಟ್ಟು ತಂದು ಒಂದೊಂದು ಮೆಟ್ಟಿಲಿಗೂ ಬೇರೆ ಬೇರೆ ಅಚ್ಚು ತೆಗೆದ.

ಕೆಲಸ ಮುಗಿದಾಗ ಛಂದ ಕಾಣ್ತಿತ್ತು. ಫೋಟೋ ತೆಗೆದು ಎಲ್ಲರಿಗೂ ಕಳಿಸಿದೆ.

ಮೂರನೇ ದಿನ ಬೆಳಿಗ್ಗೆ ತಾಟು ಬಿದ್ದ ಸದ್ದು. ಹೋಗಿ ನೋಡಿದ್ರೆ ಅವ್ವ ಕೆಳಗಿನ ಮೆಟ್ಟಿಲ ಹತ್ತಿರ ಕಠಡಾ ಹಿಡ್ಕೊಂಡು ಕೂತಿದ್ದಳು. ಪಾದ ಉಳುಕಿತ್ತು. ಜಾರಿದ್ಯಾ ಅಂತ ಕೇಳಿದೆ. "ಜಾರಿಲ್ಲೋ ತಮ್ಮಾ. ಕಡೇ ಪಾವಟಿಗಿ ಕೆಳಗ ಹೋಗೇದ" ಅಂದಳು.

ನಾನು ನಂಬಲಿಲ್ಲ. ವಯಸ್ಸಾಯ್ತು, ಕಣ್ಣು ತೋರಿಸಬೇಕು ಅಂತ ಏನೇನೋ ಅಂದೆ. ಅದು ಈಗಲೂ ಚುಚ್ತದೆ. ರಾತ್ರಿ ಎಲ್ಲರೂ ಮಲಗಿದ ಮೇಲೆ ಟೇಪು ಹಿಡಿದು ಕೂತೆ.

ಮೆಟ್ಟಿಲು 15, ಎತ್ತರ 16. ಕೆಳಗಿನ ನೆಲದಿಂದ ಮೊದಲನೇದಕ್ಕೆ ಒಂದು, ಕೊನೇದರಿಂದ ಮೇಲಿನ ನೆಲಕ್ಕೆ ಇನ್ನೊಂದು. ಮೊದಲು ಎಲ್ಲಾ 175 ಮಿಮೀ. ಹಲಗೆ 8, ಅಂಟು 1, ಒಟ್ಟು 9 ಏರಿತು. ಎಲ್ಲಾ ಮೆಟ್ಟಿಲೂ 9 ಏರಿದ್ದರಿಂದ ನಡುವಿನ 14 ಎತ್ತರಗಳಲ್ಲಿ ಏನೂ ಬದಲಾಗಲಿಲ್ಲ. ಆದರೆ ಕೆಳಗಿನ ನೆಲ ಏರಿಲ್ಲ, ಮೇಲಿನದೂ ಏರಿಲ್ಲ. ಮೊದಲನೇ ಎತ್ತರ 184 ಆಯ್ತು, ಕೊನೇದು 166. ವ್ಯತ್ಯಾಸ 18 ಮಿಮೀ! ಅಮೆರಿಕದ ಮನೆ ಕಟ್ಟೋ ಸಂಹಿತೆಯಲ್ಲಿ ಒಂದೇ ಸಾಲಿನ ಮೆಟ್ಟಿಲುಗಳಲ್ಲಿ ಇದು 9.5 ಮೀರಬಾರದು. ನಮ್ಮ ರಾಷ್ಟ್ರೀಯ ಕಟ್ಟಡ ಸಂಹಿತೆ ಮನೆಗೆ 190ರ ತನಕ ಎತ್ತರ ಒಪ್ಪುತ್ತದೆ, ಅಂದ್ರೆ 184 ಅನ್ನೋದು ಒಂಟಿಯಾಗಿ ತಪ್ಪಲ್ಲ. ಆದರೆ ಇಳಿಯುವಾಗ ಎರಡು ಮೂರು ಮೆಟ್ಟಿಲಿಗೆ ಕಾಲು ಲೆಕ್ಕ ಕಲೀತದೆ, ಆಮೇಲೆ ನೋಡೋದಿಲ್ಲ. 14 ಸಲ 175 ಅಂತ ಕಲಿತ ಕಾಲಿಗೆ ಕೊನೇಗೆ 184 ಸಿಕ್ತು. ಅವ್ವ ಹೇಳಿದ್ದು ಅಕ್ಷರಶಃ ಸರಿ. ನಮ್ಮ ಕೋಡಿನಲ್ಲಿ ದಿನಾ ಬೈದುಕೊಳ್ಳೋ ಒಂದರ ಎಣಿಕೆ ತಪ್ಪು ಇದು. ಲೂಪಿನ ಒಳಗೆಲ್ಲ ಸರಿ, ಎರಡು ತುದಿಯಲ್ಲಿ ತಪ್ಪು.

ಮೊದಲನೇ ಮೆಟ್ಟಿಲ ಹಲಗೆ ಕಿತ್ತರೆ? ಆಗ 184 ಒಂದು ಮೆಟ್ಟಿಲು ಮೇಲಕ್ಕೆ ಹೋಗ್ತದೆ, ಅಷ್ಟೆ. ಕೆಳಗೆ ಕಾಲೊರೆಸೋ ಚಾಪೆ ಹಾಕ್ರಿ ಅಂದರು ಪಕ್ಕದವರು. ಮೆಟ್ಟಿಲ ಬುಡದಲ್ಲಿ ಜಾರೋ ಚಾಪೆ ಅಂದ್ರೆ ಇನ್ನೊಂದು ತಾಟು ಬೀಳೋದೇ.

ಎರಡೂ ನೆಲ ಏರಿಸೋದೊಂದೇ ದಾರಿ. ಮೇಲಿನ ಪ್ಯಾಸೇಜಿಗೆ ಅದೇ ಹಲಗೆ, ಕೆಳಗೆ 2 ಮಿಮೀ ಫೋಮ್. ಅದಕ್ಕಾಗಿ ಎರಡು ಬಾಗಿಲು ಕಳಚಿ ಬುಡ ಕೆರೀಬೇಕಾಯ್ತು. ಕೆಳಗೆ ಪುಣ್ಯಕ್ಕೆ ಮೆಟ್ಟಿಲಿರೋ ಪ್ಯಾಸೇಜಿಗೂ ಹಾಲ್‌ಗೂ ನಡುವೆ ಹೊಸ್ತಿಲಿತ್ತು. ಹಲಗೆ ಅಲ್ಲಿಗೇ ನಿಂತಿತು, ಹೊಸ ಅಂಚು ಎಡವೋ ಹಂಗೆ ಎಲ್ಲೂ ಉಳೀಲಿಲ್ಲ. ಹಾಲ್ ಮುಟ್ಟಲಿಲ್ಲ, ಅಲ್ಲಿ ಅವ್ವ ಬಕೆಟ್ ನೀರು ಚೆಲ್ಲಿ ಒರೆಸ್ತಾಳೆ, ಲ್ಯಾಮಿನೇಟಿಗೆ ಅದು ವಿಷ.

ಈಗ ಮೊದಲನೇ ಎತ್ತರ 174, ನಡುವಿನವು 175, ಕೊನೇದು 176. ಅವ್ವನ ಪಾದ ಸರಿ ಆಗೋಕೆ ಮೂರು ವಾರ ಬೇಕಾಯ್ತು. ಅಷ್ಟು ದಿನ ನೈವೇದ್ಯದ ತಾಟು ನಾನೇ ಮೇಲೆ ಒಯ್ದೆ. ಮೊದಲ ಸಲ ಇಳಿಯುವಾಗ ಅವ್ವ ಕೊನೇ ಮೆಟ್ಟಿಲ ಮೇಲೆ ನಿಂತು, ಕಾಲು ಕೆಳಗಿಟ್ಟು, ಮತ್ತೆ ಮೇಲಿಟ್ಟು, ಮತ್ತೆ ಕೆಳಗಿಟ್ಟು ನೋಡಿದಳು. "ಈಗ ಬಂತು ನೋಡು ಜಾಗಾಕ್ಕ" ಅಂದು ಅಡುಗೆಮನೆಗೆ ಹೋದಳು.